ಕೆಲಸದ ನಡುವೆ ಕ್ರೋಶಾ: ಸದ್ದಿಲ್ಲದೆ ಹಾಕುವವರಿಗೆ ಒಂದು ಕೈಪಿಡಿ

ಕ್ರೋಶಾ, ಅಂದರೆ ಕೊಕ್ಕೆ ಕಡ್ಡಿಯಿಂದ ದಾರ ಹೆಣೆಯುವ ಕೆಲಸ, ಅದರ ಬಗ್ಗೆ ಏನೇ ಬರೆದರೂ ಓದುಗರಿಂದ ಬರುವ ಪ್ರಶ್ನೆ ಒಂದೇ. "ಹಾಕೋಕೆ ಬರುತ್ತೆ, ಟೈಮೇ ಸಿಗಲ್ಲ. ಕೆಲಸದ ಜಾಗದಲ್ಲಿ ಬಿಡುವಿದ್ದಾಗ ಹಾಕಬಹುದಾ? ಯಾರಾದ್ರೂ ಏನಾದ್ರೂ ಅಂದ್ರೆ?" ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ಮಧ್ಯಾಹ್ನ ಗಿರಾಕಿಯಿಲ್ಲದೆ ಕೂತಿರುವವರು ಕೇಳುತ್ತಾರೆ. ಸಾಗರಕ್ಕೆ ದಿನಾ ಬಸ್ಸಿನಲ್ಲಿ ಓಡಾಡುವ ಟೀಚರುಗಳು ಕೇಳುತ್ತಾರೆ. ತೀರ್ಥಹಳ್ಳಿ ಕಡೆಯ ಮನೆಯಲ್ಲೇ ಕೂತು ಬೆಂಗಳೂರಿನ ಕಂಪನಿಗೆ ಕೆಲಸ ಮಾಡುವ ಹುಡುಗರೂ ಕೇಳುತ್ತಾರೆ. ಹೌದು, ಹುಡುಗರೂ. ಎಲ್ಲರಿಗೂ ಬೇರೆ ಬೇರೆ ಉತ್ತರ ಬರೆಯುವ ಬದಲು ಇಲ್ಲಿ ಒಟ್ಟಿಗೆ ಹೇಳಿಬಿಡುತ್ತೇನೆ.

ಕದ್ದು ಮಾಡುವುದನ್ನು ಮಾತ್ರ ಹೇಳಿಕೊಡುವುದಿಲ್ಲ. ನಮ್ಮೂರಲ್ಲಿ ಅದು ಆಗುವ ಮಾತೂ ಅಲ್ಲ. ಪೇಟೆಯಲ್ಲಿ ನೀವು ಒಂದು ಉಂಡೆ ದಾರ ಕೊಂಡರೆ, ನೀವು ಮನೆ ಮುಟ್ಟುವ ಮೊದಲೇ ನಿಮ್ಮ ಅತ್ತೆಗೆ ಸುದ್ದಿ ಮುಟ್ಟಿರುತ್ತದೆ. ಕೆಲಸ ಕೆಡದ ಹಾಗೆ, ಪಕ್ಕದವರಿಗೆ ಕಿರಿಕಿರಿಯಾಗದ ಹಾಗೆ, ಯಾರ ಕಣ್ಣಿಗೂ ಕುಕ್ಕದ ಹಾಗೆ ಹಾಕುವುದು ಹೇಗೆ ಅನ್ನುವುದಷ್ಟೇ ಇಲ್ಲಿನ ವಿಷಯ. ಅದರ ಗುಟ್ಟೆಲ್ಲ ನೀವು ಆರಿಸಿಕೊಳ್ಳುವ ಕೆಲಸದಲ್ಲಿದೆ. ಯಾವ ಗಳಿಗೆಯಲ್ಲಿ ಬೇಕಾದರೂ, ವಾಕ್ಯದ ಮಧ್ಯೆ ಬೇಕಾದರೂ, ಕೆಳಗಿಡಲು ಬರುವಂಥದ್ದನ್ನು ಆರಿಸಿದರೆ ಮುಕ್ಕಾಲು ತೊಂದರೆ ಹುಟ್ಟುವುದೇ ಇಲ್ಲ.

ಕ್ರೋಶಾನೇ ಯಾಕೆ?

ಎರಡು ಕಡ್ಡಿಯ ಉಲ್ಲನ್ ಹೆಣಿಗೆಯಲ್ಲಿ ಒಂದು ಸಾಲಿನ ಅಷ್ಟೂ ಕುಣಿಕೆಗಳು ಕಡ್ಡಿಯ ಮೇಲೆ ಬಿಡಿಯಾಗಿ ಕೂತಿರುತ್ತವೆ. ಯಾರೋ ಕರೆದರೆಂದು ಧಡಕ್ಕನೆ ಎದ್ದಾಗ ಕಡ್ಡಿ ಜಾರಿತೋ, ಕುಣಿಕೆಗಳು ಒಂದೊಂದಾಗಿ ಬಿಚ್ಚಿಕೊಳ್ಳುತ್ತಾ ಕೆಳಗಿಳಿಯುತ್ತವೆ. ಕಸೂತಿಯಲ್ಲಿ ಬಟ್ಟೆಯ ಎಳೆ ಎಣಿಸಬೇಕು, ಕಣ್ಣು ಆ ಕಡೆ ಈ ಕಡೆ ಹೋಗುವ ಹಾಗಿಲ್ಲ. ಸೂಜಿ ಬಿದ್ದರೆ ಯಾರ ಕಾಲಿಗಾದರೂ ಚುಚ್ಚೀತು. ಸೀರೆ ಕುಚ್ಚು ನಮ್ಮ ಕಡೆ ತುಂಬ ಜನ ಹಾಕುತ್ತಾರೆ, ನಾಲ್ಕು ಕಾಸೂ ಸಿಗುತ್ತದೆ. ಆದರೆ ಇನ್ನೊಬ್ಬರ ರೇಷ್ಮೆ ಸೀರೆಯನ್ನು ಆಫೀಸಿನ ಮೇಜಿನ ಮೇಲೆ, ಕಾಫಿ ಲೋಟದ ಪಕ್ಕ ಹರಡಿಕೊಳ್ಳುವುದು ಬೇಡವೇ ಬೇಡ. ಕುಚ್ಚು ಮನೆಯಲ್ಲೇ ಇರಲಿ.

ಕ್ರೋಶಾದಲ್ಲಿ ತುದಿಗೆ ಕೊಕ್ಕೆ ಇರುವ ಒಂದೇ ಕಡ್ಡಿ. ಯಾವಾಗ ನೋಡಿದರೂ ಬಿಚ್ಚಿಕೊಳ್ಳಬಹುದಾದ ಕುಣಿಕೆ ಒಂದೇ ಒಂದು. ಆ ಒಂದಕ್ಕೆ ಪಿನ್ನು ಹಾಕಿಟ್ಟರೆ ಉಳಿದದ್ದೆಲ್ಲ ಭದ್ರ.

1. ಮೊದಲು ಕೇಳಿ

ಅಂಗಡಿ ನಿಮ್ಮದೇ ಆದರೆ ಈ ಹಂತ ಬಿಟ್ಟು ಮುಂದೆ ಹೋಗಿ. ಇನ್ನೊಬ್ಬರ ಕೈಕೆಳಗೆ ಕೆಲಸ ಮಾಡುವವರು ದಾರ ಕೊಳ್ಳುವ ಮೊದಲು ಮೇಲಿನವರ ಕಿವಿಗೆ ಒಂದು ಮಾತು ಹಾಕಿ. ಉದ್ದ ವಿವರಣೆ ಬೇಡ. "ಊಟದ ಬಿಡುವಲ್ಲಿ, ಕೆಲಸ ಇಲ್ಲದಾಗ ಸ್ವಲ್ಪ ಕ್ರೋಶಾ ಹಾಕ್ತೀನಿ ಸಾರ್, ಜನ ಬಂದ್ರೆ ಎತ್ತಿಡ್ತೀನಿ" ಅಂದರೆ ಸಾಕು. ಕೇಳಿದ ಮೇಲೆ ಬೇಡ ಅಂದರೆ ಬೇಡ. ಬಸ್ಸು, ರೈಲು, ಊಟದ ಬಿಡುವು ಹೇಗೂ ನಿಮ್ಮದೇ.

ಯಾರು ಒಪ್ಪಿದರೂ ಹಾಕಬಾರದ ಜಾಗಗಳಿವೆ. ಮಿಲ್ಲು, ಅಡಿಕೆ ಸುಲಿಯುವ ಯಂತ್ರ, ಗರಗಸ, ತಿರುಗುವ ಬೆಲ್ಟು ಇರುವ ಕಡೆ ಬಿಡಿ ದಾರ ಕೈಯಲ್ಲಿರಲೇಬಾರದು. ದಾರ ಚಕ್ರಕ್ಕೆ ಸಿಕ್ಕಿದರೆ ಬೆರಳನ್ನೂ ಎಳೆದುಕೊಳ್ಳುತ್ತದೆ. ಹೋಟೆಲ್ ಅಡುಗೆಮನೆ, ಬೇಕರಿಯಲ್ಲಿ ನೂಲಿನ ಎಳೆ ತಿಂಡಿಗೆ ಬೀಳುತ್ತದೆ. ಲ್ಯಾಬು, ವಾರ್ಡುಗಳಲ್ಲಿ ಸೋಂಕನ್ನು ನೀವೇ ದಾರದ ಜೊತೆ ಮನೆಗೆ ತಂದ ಹಾಗಾಗುತ್ತದೆ. ದುಡ್ಡು ಎಣಿಸುವ ಕೌಂಟರಿನಲ್ಲಿ, ಎದುರಿಗೆ ಜನ ಸಾಲು ನಿಂತಿರುವಾಗ, ನೀವು ಎಷ್ಟೇ ಬೇಗ ಕೆಲಸ ಮಾಡಿದರೂ ಕೈಯಲ್ಲಿ ದಾರ ಕಂಡರೆ ಜನರಿಗೆ ಸಿಟ್ಟು ಬಂದೇ ಬರುತ್ತದೆ. ಅವರ ಸಿಟ್ಟಲ್ಲಿ ತಪ್ಪೂ ಇಲ್ಲ. ಪಾಠ ಮಾಡುವವರಿಗೆ ಸ್ಟಾಫ್ ರೂಮಿನ ಫ್ರೀ ಪಿರಿಯಡ್ಡು ಸರಿ, ಮಕ್ಕಳ ಎದುರು ಬೇಡ.

2. ಸಾಮಾನು: ಒಂದು ಡಬ್ಬಿಗೆ ಹಿಡಿಯುವಷ್ಟು ಮಾತ್ರ

ಊಟದ ಡಬ್ಬಿಯ ಪಕ್ಕ ಚೀಲದಲ್ಲಿ ಕೂರುವಂಥ ಪುಟ್ಟ ಡಬ್ಬಿ ಒಂದಿರಲಿ. ಅದರಲ್ಲಿ ಹಿಡಿಯದ್ದು ಕೆಲಸಕ್ಕೆ ಬರಬಾರದು.

ದಾರ: ಹತ್ತಿಯದೇ ತೆಗೆದುಕೊಳ್ಳಿ. ಉಲ್ಲನ್ನಿನ ಜೂಲು ಕಪ್ಪು ಪ್ಯಾಂಟಿಗೆ, ಕೀಬೋರ್ಡಿಗೆ, ಎಲ್ಲದಕ್ಕೂ ಅಂಟುತ್ತದೆ. ಹೊಸಬರು 4 ಪ್ಲೈ ನಿಟ್ಟಿಂಗ್ ಕಾಟನ್ ಕೊಳ್ಳಿ. 4 ಪ್ಲೈ ಅಂದರೆ ನಾಲ್ಕು ಎಳೆ ಹುರಿ ಮಾಡಿದ ದಾರ. ಆಂಕರ್ ಕಂಪನಿಯದು ಸಾಮಾನ್ಯವಾಗಿ ಸಿಗುತ್ತದೆ. ಕೈ ಪಳಗಿದವರು 10 ಅಥವಾ 20 ನಂಬರಿನ ಕ್ರೋಶಾ ದಾರಕ್ಕೆ ಹೋಗಬಹುದು. ನಂಬರು ಹೆಚ್ಚಿದಷ್ಟೂ ದಾರ ಸಣ್ಣ ಅನ್ನುವುದು ನೆನಪಿರಲಿ, ಇದನ್ನು ತಿರುಗುಮುರುಗು ಮಾಡಿಕೊಂಡು ಕೊಳ್ಳುವವರು ಜಾಸ್ತಿ. ಗಾಂಧಿ ಬಜಾರು, ದುರ್ಗಿಗುಡಿ ಕಡೆ ಟೈಲರಿಂಗ್ ಸಾಮಾನು ಮಾರುವ ಅಂಗಡಿಗಳಲ್ಲಿ ಕೇಳಿ. ಎಷ್ಟು ಉಂಡೆ ಬೇಕೋ ಅಷ್ಟನ್ನೂ ಒಟ್ಟಿಗೇ ಕೊಳ್ಳಿ, ಲೇಬಲ್ಲಿನ ಮೇಲಿರುವ ಡೈ ಲಾಟ್ ನಂಬರು ಒಂದೇ ಇದೆಯಾ ನೋಡಿ. ಡೈ ಲಾಟ್ ಅಂದರೆ ಒಂದು ಸಲ ಬಣ್ಣ ಅದ್ದಿ ತೆಗೆದ ತಂಡ. ತಂಡ ಬದಲಾದರೆ ಅದೇ ಕೆನೆ ಬಣ್ಣ ಒಂದಿಷ್ಟು ಹಳದಿಗೆ ತಿರುಗಿರುತ್ತದೆ. ಅಂಗಡಿಯ ಟ್ಯೂಬ್‌ಲೈಟಿನಲ್ಲಿ ಅದು ಗೊತ್ತಾಗುವುದಿಲ್ಲ, ಬಾಗಿಲಿಗೆ ಕಟ್ಟಿದ ಮೇಲೆ ಗೊತ್ತಾಗುತ್ತದೆ.

ಬಣ್ಣ ತಿಳಿಯಾದದ್ದಿರಲಿ. ಕಪ್ಪು, ಕಡು ನೀಲಿ ದಾರದಲ್ಲಿ ಕುಣಿಕೆ ಕಾಣುವುದಿಲ್ಲ. ನಮ್ಮ ಮಳೆಗಾಲದ ಮೂರು ಗಂಟೆಯ ಕತ್ತಲಲ್ಲಿ, ಅದೂ ಕರೆಂಟು ಹೋದಾಗ, ಕೇಳಲೇಬೇಡಿ.

ಕಡ್ಡಿ: 4 ಪ್ಲೈ ದಾರಕ್ಕೆ 2.5 ಮಿಲಿಮೀಟರಿನದು, 10 ನಂಬರಿನ ದಾರಕ್ಕೆ 1.5 ಮಿಲಿಮೀಟರಿನದು. ಹಿಡಿಯುವ ಕಡೆ ರಬ್ಬರೋ ಪ್ಲಾಸ್ಟಿಕ್ಕೋ ಇರುವ ಕಡ್ಡಿಗೆ ಬೆಲೆ ಸ್ವಲ್ಪ ಜಾಸ್ತಿಯಾದರೂ ಅದನ್ನೇ ಕೊಳ್ಳಿ. ಬರೀ ಲೋಹದ ಕಡ್ಡಿ ಟೈಲ್ಸ್ ನೆಲಕ್ಕೆ ಬಿದ್ದರೆ ಟಣ್ ಅಂದು ಇಡೀ ಆಫೀಸು ತಿರುಗಿ ನೋಡುತ್ತದೆ.

ಇಷ್ಟರ ಜೊತೆ ನಾಲ್ಕು ಸೇಫ್ಟಿ ಪಿನ್ನು, ದೊಡ್ಡ ಕಣ್ಣಿನ ಮೊಂಡು ಸೂಜಿ ಒಂದು, ಪುಟ್ಟ ಕತ್ತರಿ. ಸಾಲು ಎಣಿಸುವ ಟಕ್ ಟಕ್ ಯಂತ್ರ ಬೇಡ, ಪಕ್ಕದವರಿಗೆ ತಲೆನೋವು.

ಉಂಡೆಯನ್ನು ಹಾಗೆಯೇ ಒಯ್ಯಬೇಡಿ. ಮೇಜಿನಿಂದ ಉರುಳಿದರೆ ಅದು ಕುರ್ಚಿಗಳ ಕೆಳಗೆಲ್ಲ ಸುತ್ತಿ ಬರುತ್ತದೆ. ಹಿಂದಿನ ರಾತ್ರಿ ಆ ದಿನಕ್ಕೆ ಬೇಕಾದಷ್ಟನ್ನು ನಿಂಬೆಹಣ್ಣಿನ ಗಾತ್ರಕ್ಕೆ ಸುತ್ತಿಕೊಂಡು ಡಬ್ಬಿಗೆ ಹಾಕಿ. ಪ್ಲಾಸ್ಟಿಕ್ ಮುಚ್ಚಳಕ್ಕೆ ಒಂದು ತೂತು ಮಾಡಿ ದಾರದ ತುದಿಯನ್ನು ಅದರಿಂದ ಹೊರಗೆ ತೆಗೆಯಿರಿ. ತೂತಿನ ಅಂಚು ಚೂಪಾಗಿದ್ದರೆ ದಾರ ಸವೆದು ಜೂಲು ಏಳುತ್ತದೆ. ಬಿಸಿ ಸೂಜಿಯಿಂದ ತೂತು ಮಾಡಿದರೆ ಅಂಚು ನುಣುಪಾಗಿ ಬರುತ್ತದೆ.

3. ಮೂರೇ ಮೂರು ಹೊಲಿಗೆ, ಮೊದಲು ಮನೆಯಲ್ಲಿ

ಕೆಲಸದ ಜಾಗದಲ್ಲಿ ಕಲಿಯಬೇಡಿ. ಕಲಿಯುವಾಗ ಹುಬ್ಬು ಗಂಟಿಕ್ಕುತ್ತದೆ, ನಾಲಿಗೆ ಹೊರಗೆ ಬರುತ್ತದೆ, ಎದುರಿನವರು ಏನು ಹೇಳಿದರೂ ಕೇಳಿಸುವುದಿಲ್ಲ. ಮನೆಯಲ್ಲಿ ಟೀವಿ ನೋಡುತ್ತಾ ಹಾಕಲು ಬರುವ ತನಕ ಡಬ್ಬಿ ಹೊರಗೆ ಹೋಗಬಾರದು.

ಚೈನ್: ದಾರಕ್ಕೆ ಜಾರುಗಂಟು ಹಾಕಿ ಕಡ್ಡಿಗೆ ಏರಿಸಿದರೆ ಕಡ್ಡಿಯಲ್ಲಿ ಒಂದು ಕುಣಿಕೆ. ದಾರವನ್ನು ಕಡ್ಡಿಗೆ ಸುತ್ತಿ ಆ ಕುಣಿಕೆಯೊಳಗಿಂದ ಎಳೆಯಿರಿ. ಒಂದು ಚೈನ್ ಆಯಿತು.

ಲಾಕ್: ಕಡ್ಡಿಯನ್ನು ಬೇಕಾದ ಜಾಗಕ್ಕೆ ತೂರಿಸಿ, ದಾರ ಸುತ್ತಿ, ಆ ಜಾಗದಿಂದಲೂ ಕಡ್ಡಿಯ ಮೇಲಿನ ಕುಣಿಕೆಯಿಂದಲೂ ಒಂದೇ ಸಲಕ್ಕೆ ಎಳೆಯಿರಿ. ಎತ್ತರ ಬರುವುದಿಲ್ಲ, ಎರಡು ಕಡೆ ಸೇರಿಸುವುದಕ್ಕಷ್ಟೇ ಇದು.

ಕಂಬ: ಮೊದಲು ದಾರ ಸುತ್ತಿ, ಆಮೇಲೆ ಕಡ್ಡಿ ತೂರಿಸಿ, ಮತ್ತೆ ದಾರ ಸುತ್ತಿ ಹೊರಗೆಳೆಯಿರಿ. ಈಗ ಕಡ್ಡಿಯ ಮೇಲೆ ಮೂರು ಕುಣಿಕೆ. ದಾರ ಸುತ್ತಿ ಎರಡರಿಂದ ಎಳೆಯಿರಿ. ಇನ್ನೊಮ್ಮೆ ಸುತ್ತಿ ಉಳಿದ ಎರಡರಿಂದ ಎಳೆಯಿರಿ. ನೋಡಲು ಕಂಬದ ಹಾಗೆಯೇ ನಿಲ್ಲುತ್ತದೆ.

ಯೂಟ್ಯೂಬ್ ನೋಡಿ ಕಲಿಯುವವರು ಇಲ್ಲಿ ಎಡವುತ್ತಾರೆ. ನಾವು ಕಂಬ ಅನ್ನುವುದನ್ನು ಅಮೆರಿಕದವರು ಡಬಲ್ ಕ್ರೋಶೆ ಅನ್ನುತ್ತಾರೆ, ಬ್ರಿಟನ್ನಿನವರು ಟ್ರೆಬಲ್ ಅನ್ನುತ್ತಾರೆ. ಬ್ರಿಟನ್ನಿನವರ ಡಬಲ್ ಕ್ರೋಶೆ ಇದಕ್ಕಿಂತ ಗಿಡ್ಡ. ವಿಡಿಯೋದವರು ಯಾವ ಕಡೆಯವರು ಅಂತ ಮೊದಲೇ ನೋಡಿಕೊಳ್ಳಿ, ಇಲ್ಲದಿದ್ದರೆ ಅಳತೆಯೆಲ್ಲ ತಪ್ಪುತ್ತದೆ.

ಕೈ ಪಳಗಿತೋ ಇಲ್ಲವೋ ನೋಡಲು ಒಂದು ಪರೀಕ್ಷೆ ಇದೆ. ಕಣ್ಣು ಮುಚ್ಚಿ ಹತ್ತು ಕಂಬ ಹಾಕಿ. ಹತ್ತೂ ಒಂದೇ ಎತ್ತರಕ್ಕೆ ಬಂದರೆ ನೀವು ತಯಾರು.

4. ಚೌಕ: ಮುಟ್ಟಿ ನೋಡಿ ಹಾಕುವ ಕೆಲಸ

ಕೆಲಸದ ಜಾಗಕ್ಕೆ ನಾನು ಹೇಳುವುದು ಒಂದೇ ವಿನ್ಯಾಸ. ಇಂಗ್ಲಿಷಿನಲ್ಲಿ ಗ್ರಾನಿ ಸ್ಕ್ವೇರ್ ಅನ್ನುವ ಚೌಕ. ನೋಡಿ ನೋಡಿ ಹಳತಾಗಿದೆ, ನಿಜ. ಆದರೂ ಇದನ್ನೇ ಹೇಳಲು ಕಾರಣವಿದೆ. ಬೇರೆ ಹೆಚ್ಚಿನ ವಿನ್ಯಾಸಗಳಲ್ಲಿ ಕೆಳಗಿನ ಸಾಲಿನ ಪ್ರತಿ ಹೊಲಿಗೆಯ ತಲೆಯನ್ನು ಹುಡುಕಿ ಅದರೊಳಗೆ ಕಡ್ಡಿ ತೂರಿಸಬೇಕು. ಅದಕ್ಕೆ ಕಣ್ಣು ಬೇಕು. ಚೌಕದಲ್ಲಿ ಕಡ್ಡಿ ಹೋಗುವುದು ಹೊಲಿಗೆಗಳ ನಡುವಿನ ಸಂದಿಗೆ. ಸಂದು ದೊಡ್ಡದು, ಎಡಗೈಯ ಹೆಬ್ಬೆರಳಿಗೆ ತಾನಾಗಿ ಸಿಗುತ್ತದೆ. ಎಣಿಕೆಯೂ ಮೂರಕ್ಕಿಂತ ಮೇಲೆ ಹೋಗುವುದಿಲ್ಲ.

ಶುರು ಮಾಡಿ. 4 ಚೈನ್ ಹಾಕಿ, ಮೊದಲ ಚೈನಿಗೆ ಲಾಕ್ ಮಾಡಿದರೆ ಪುಟ್ಟ ಉಂಗುರ ಆಗುತ್ತದೆ.

ಮೊದಲ ಸುತ್ತು: 3 ಚೈನ್ ಹಾಕಿ, ಇದೇ ಒಂದು ಕಂಬದ ಲೆಕ್ಕ. ಉಂಗುರದೊಳಗೆ ಇನ್ನೆರಡು ಕಂಬ. ಮೂರು ಕಂಬದ ಒಂದು ಗುಂಪು ಆಯಿತು. 2 ಚೈನ್, ಮತ್ತೆ 3 ಕಂಬ. 2 ಚೈನ್, 3 ಕಂಬ. 2 ಚೈನ್, 3 ಕಂಬ. ಕೊನೆಗೆ 2 ಚೈನ್ ಹಾಕಿ, ಮೊದಲು ಹಾಕಿದ 3 ಚೈನಿನ ತಲೆಗೆ ಲಾಕ್. ಒಟ್ಟು ನಾಲ್ಕು ಗುಂಪು, ನಾಲ್ಕು ಮೂಲೆ.

ಎರಡನೇ ಸುತ್ತು: ಲಾಕ್ ಮಾಡುತ್ತಾ ಮುಂದಿನ ಮೂಲೆಯ ಸಂದಿಗೆ ಬನ್ನಿ. ಪ್ರತಿ ಮೂಲೆಯಲ್ಲೂ 3 ಕಂಬ, 2 ಚೈನ್, 3 ಕಂಬ. ಈ ಮೂಲೆಯಿಂದ ಆ ಮೂಲೆಗೆ ಹೋಗುವಾಗ ನಡುವೆ 1 ಚೈನ್. ಸುತ್ತಿನ ಮೊದಲ ಕಂಬದ ಬದಲು ಯಾವಾಗಲೂ 3 ಚೈನ್, ಸುತ್ತಿನ ಕೊನೆಗೆ ಅದರ ತಲೆಗೇ ಲಾಕ್.

ಮೂರನೇ ಸುತ್ತು: ಮೂಲೆಗಳು ಹಾಗೆಯೇ. ಬದಿಯಲ್ಲಿ ಸಿಗುವ ಸಂದಿಗೆ 3 ಕಂಬ, ಗುಂಪು ಗುಂಪಿನ ನಡುವೆ 1 ಚೈನ್. ನಾಲ್ಕನೆಯದೂ ಹೀಗೆಯೇ, ಬದಿಯಲ್ಲಿ ಒಂದು ಗುಂಪು ಹೆಚ್ಚಾಗುತ್ತದೆ ಅಷ್ಟೇ.

ಎಷ್ಟನೇ ಸುತ್ತಿನಲ್ಲಿದ್ದೇನೆ ಅಂತ ಮರೆತರೆ ಬರೆದಿಟ್ಟುಕೊಳ್ಳುವ ಅಗತ್ಯವಿಲ್ಲ. ಒಂದು ಬದಿಯಲ್ಲಿ ಎಷ್ಟು ಗುಂಪು ಇದೆಯೋ ಅಷ್ಟನೇ ಸುತ್ತು. ಬದಿಯಲ್ಲಿ ನಾಲ್ಕು ಗುಂಪು ಕಂಡರೆ ನಾಲ್ಕು ಸುತ್ತು ಮುಗಿದಿದೆ, ಒಟ್ಟು ಹದಿನಾರು ಗುಂಪು.

ಚೌಕದ ಅಂಚು ನಿರಿಗೆ ನಿರಿಗೆಯಾಗಿ ಎದ್ದರೆ ಸಂದಿಗೆ ಮೂರರ ಬದಲು ನಾಲ್ಕು ಕಂಬ ಬಿದ್ದಿದೆ. ಬಟ್ಟಲಿನ ಹಾಗೆ ಮಡಿಚಿಕೊಂಡರೆ ಮೂಲೆಯ 2 ಚೈನ್ ಬಿಟ್ಟುಹೋಗಿದೆ, ಇಲ್ಲವೇ ನೀವು ದಾರವನ್ನು ಬಿಗಿಯಾಗಿ ಎಳೆಯುತ್ತಿದ್ದೀರಿ. ಬಿಗಿತ ಹೆಚ್ಚಾಗಿ ಬರುವುದು ಮನಸ್ಸು ಕೆಟ್ಟಾಗ. ಬಾಸ್ ಬೈದ ದಿನದ ಚೌಕ ಬೇರೆ ದಿನದ್ದಕ್ಕಿಂತ ಸಣ್ಣದಾಗಿರುತ್ತದೆ, ಬೇಕಾದರೆ ಅಳೆದು ನೋಡಿ.

ಹಸೆ ಚಿತ್ತಾರವನ್ನು ಕ್ರೋಶಾದಲ್ಲಿ ಹಾಕಬಹುದಾ ಅಂತ ಸಾಗರ, ಸೊರಬದ ಕಡೆಯವರು ಕೇಳುತ್ತಿರುತ್ತಾರೆ. ದೀವರ ಸಮುದಾಯದವರ ಮನೆಯ ಗೋಡೆಗಳ ಮೇಲೆ ಕೆಮ್ಮಣ್ಣಿನ ಹಿನ್ನೆಲೆಯಲ್ಲಿ ಅಕ್ಕಿ ಹಿಟ್ಟಿನ ಬಿಳಿ ಗೆರೆ ಎಳೆದು ಬರೆಯುವ ಆ ಚಿತ್ತಾರ ಕ್ರೋಶಾಗೆ ಒಂದು ಮಟ್ಟಿಗೆ ಒಗ್ಗುತ್ತದೆ. ಫಿಲೆ ಅನ್ನುವ ವಿಧಾನ ಇದೆ. ಗ್ರಾಫ್ ಹಾಳೆಯ ಮನೆಗಳ ಹಾಗೆ ಕೆಲವು ಮನೆ ಕಂಬದಿಂದ ತುಂಬಿ, ಕೆಲವು ಖಾಲಿ ಬಿಟ್ಟು ಚಿತ್ರ ಮೂಡಿಸುವುದು. ಅಡ್ಡ ಗೆರೆ, ಉದ್ದ ಗೆರೆ ಚೆನ್ನಾಗಿ ಬರುತ್ತವೆ. ಓರೆ ಗೆರೆ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ, ಚಿತ್ತಾರದ ಸೊಗಸೇ ಸಣ್ಣ ಓರೆ ಗೆರೆಗಳಲ್ಲಿರುವುದರಿಂದ ಅರ್ಧ ಸೊಗಸು ಹೋಗುತ್ತದೆ. ಪ್ರಯತ್ನ ಮಾಡಿ, ಆದರೆ ಮನೆಯಲ್ಲಿ. ನಕ್ಷೆ ನೋಡಿ ನೋಡಿ ಹಾಕುವ ಕೆಲಸ ಆಫೀಸಿಗೆ ಆಗುವುದಿಲ್ಲ.

5. ಮನೆಗೆ ಯಾವುದು, ಹೊರಗೆ ಯಾವುದು

ತಲೆ ಬೇಕಾದದ್ದೆಲ್ಲ ಮನೆಯಲ್ಲಿ ಮುಗಿಸಿ. ಉಂಗುರ ಮಾಡುವುದು, ಮೊದಲ ಸುತ್ತು, ಬಣ್ಣ ಬದಲಿಸುವುದು, ತುದಿ ಮುಚ್ಚುವುದು, ಜೋಡಿಸುವುದು ಇವು ಮನೆಗೆ. ಎರಡನೇ ಸುತ್ತಿನಿಂದ ನಾಲ್ಕನೆಯದರ ತನಕ ಹೊರಗೆ. ಭಾನುವಾರ ಕೂತು ವಾರಕ್ಕೆ ಬೇಕಾದಷ್ಟು ಚೌಕಗಳ ಮೊದಲ ಸುತ್ತು ಹಾಕಿಟ್ಟುಕೊಂಡು, ದಿನಕ್ಕೊಂದನ್ನು ಡಬ್ಬಿಗೆ ಹಾಕಿಕೊಳ್ಳಿ. ಮೊದಲ ಸುತ್ತು ಮುಗಿದಾಗ ದಾರ ಕತ್ತರಿಸಿ ಕುಣಿಕೆಯಿಂದ ಎಳೆದುಬಿಡಿ, ಎರಡನೇ ಸುತ್ತಿಗೆ ಯಾವುದಾದರೂ ಮೂಲೆಯಿಂದ ಹೊಸ ದಾರ ಹಿಡಿಯಬಹುದು.

ಕತ್ತರಿಸುವಾಗ ಒಂದು ಗೇಣು ಬಾಲ ಬಿಡಿ. ಮೋಟು ಬಾಲವನ್ನು ಸೂಜಿಗೆ ಪೋಣಿಸಲಾಗುವುದಿಲ್ಲ, ಒಗೆದಾಗ ಬಿಚ್ಚಿಕೊಳ್ಳುತ್ತದೆ. ಆಯಾ ವಾರದ ಬಾಲಗಳನ್ನು ಆಯಾ ವಾರವೇ ಹೊಲಿಗೆಯೊಳಗೆ ಹೊಲಿದು ಅಡಗಿಸಿ. ಎಲ್ಲ ಚೌಕ ಮುಗಿದ ಮೇಲೆ ಒಟ್ಟಿಗೆ ಅಂತ ಇಟ್ಟವರ ಕಪಾಟಿನಲ್ಲಿ ಬಾಲ ಬಿಟ್ಟ ಚೌಕಗಳು ವರ್ಷಗಟ್ಟಲೆ ಕೂತಿರುತ್ತವೆ.

6. ಜಾಗಕ್ಕೆ ತಕ್ಕ ಹಾಗೆ

ಅಂಗಡಿಯಲ್ಲಿ ಡಬ್ಬಿ ಗಲ್ಲಾದ ಮೇಲೆ ಇರಬಾರದು, ಕೆಳಗಿನ ಅರೆಯಲ್ಲಿರಲಿ. ಗಿರಾಕಿ ಹೊಸ್ತಿಲು ದಾಟುವಷ್ಟರಲ್ಲಿ ಕೈ ಖಾಲಿಯಾಗಿರಬೇಕು. ಬಂದವರು "ಏನು ಹಾಕ್ತಿದೀರಿ?" ಅಂತ ಮಾತಿಗೆ ಇಳಿಯುವುದು ಬೇರೆ, ಅವರು ಕಾಯುವುದು ಬೇರೆ. "ನಂಗೂ ಒಂದು ಹಾಕ್ಕೊಡಿ" ಅನ್ನುವವರು ಸಿಕ್ಕೇ ಸಿಗುತ್ತಾರೆ. "ದಾರ ತಂದ್ಕೊಡಿ, ಹೇಳ್ಕೊಡ್ತೀನಿ" ಅನ್ನಿ. ಹತ್ತರಲ್ಲಿ ಒಂಬತ್ತು ಜನ ಮತ್ತೆ ಆ ಮಾತು ಎತ್ತುವುದಿಲ್ಲ, ಹತ್ತನೆಯವರು ನಿಮ್ಮ ಸ್ನೇಹಿತರಾಗುತ್ತಾರೆ.

ಆನ್‌ಲೈನ್ ಮೀಟಿಂಗಿನಲ್ಲಿ ಹಾಕುವವರಿಗೆ ಕೈ ಕಾಣಿಸುತ್ತದೆ ಅನ್ನುವ ಭಯ. ಕೈ ಕಾಣಿಸುವುದಿಲ್ಲ, ಮೊಣಕೈ ಕಾಣಿಸುತ್ತದೆ. ಉಂಡೆಯಿಂದ ದಾರ ಎಳೆಯುವಾಗ ಭುಜ ಪ್ರತಿ ಸಲ ಕುಲುಕುತ್ತದೆ. ಮಾತು ಶುರುವಾಗುವ ಮೊದಲೇ ಎರಡು ಮೊಳ ದಾರ ಹೊರಗೆಳೆದು ತೊಡೆಯ ಮೇಲೆ ಸಡಿಲವಾಗಿ ಬಿಟ್ಟುಕೊಂಡರೆ ಬೆರಳು ಮಾತ್ರ ಆಡುತ್ತದೆ. ಕೈ ತೊಡೆಯ ಮೇಲಿರಲಿ, ಮೇಜಿನ ಮೇಲೆ ಬೇಡ. ಕಡ್ಡಿ ಮೇಜಿಗೆ ತಗುಲುವ ಸಣ್ಣ ಸದ್ದನ್ನು ಲ್ಯಾಪ್‌ಟಾಪಿನ ಮೈಕು ದೊಡ್ಡದು ಮಾಡಿ ಎಲ್ಲರ ಕಿವಿಗೂ ಮುಟ್ಟಿಸುತ್ತದೆ. ನೀವು ಮಾತಾಡಬೇಕಾದ, ಬರೆದುಕೊಳ್ಳಬೇಕಾದ ಮೀಟಿಂಗಿನಲ್ಲಿ ಕಡ್ಡಿ ಮುಟ್ಟಬೇಡಿ. ಇಪ್ಪತ್ತು ಜನರಲ್ಲಿ ಇಬ್ಬರೇ ಮಾತಾಡುವ ಮೀಟಿಂಗು ಇರುತ್ತದಲ್ಲ, ಅದಕ್ಕೆ ಇದು ಹೇಳಿ ಮಾಡಿಸಿದ ಹಾಗಿದೆ. ಕೈ ಕ್ರೋಶಾದಲ್ಲಿದ್ದರೆ ಮೊಬೈಲ್ ಕಡೆ ಹೋಗುವುದಿಲ್ಲ, ಮಾತು ಕಿವಿಗೆ ಬೀಳುತ್ತದೆ.

ಬಸ್ಸು. ಶಿವಮೊಗ್ಗದಿಂದ ಸಾಗರಕ್ಕೆ ಸುಮಾರು 70 ಕಿಲೋಮೀಟರ್. ಕೂರಲು ಸೀಟು ಸಿಕ್ಕರೆ ಒಳ್ಳೆಯ ಹೊತ್ತು. ಕಿಟಕಿ ಕಡೆಯ ಸೀಟೇ ಹಿಡಿಯಿರಿ, ಪಕ್ಕದವರಿಗೆ ಮೊಣಕೈ ತಗುಲುವುದು ಕಡಿಮೆ. ಕಡ್ಡಿಯ ಕೊಕ್ಕೆ ಕೆಳಮುಖವಾಗಿರಲಿ, ಮುಖದ ಹತ್ತಿರ ತರಬೇಡಿ. ಡ್ರೈವರ್ ಬ್ರೇಕ್ ಹಾಕಿದರೆ ಕಣ್ಣಿಗೆ ಅಪಾಯ. ನಿಂತು ಹೋಗುವಾಗಲೂ ಕಿಕ್ಕಿರಿದ ಬಸ್ಸಿನಲ್ಲೂ ಬೇಡವೇ ಬೇಡ. ಆಗುಂಬೆ ಘಾಟಿ, ಹುಲಿಕಲ್ ಘಾಟಿ ಬಂದಾಗ ಡಬ್ಬಿ ಮುಚ್ಚಿ. ಆ ತಿರುವುಗಳಲ್ಲಿ ತಲೆ ತಗ್ಗಿಸಿ ಕೂತರೆ ಹೊಟ್ಟೆ ತೊಳಸದೆ ಇರುವವರು ಕಡಿಮೆ.

ರೈಲು ಎಷ್ಟೋ ವಾಸಿ. ಕುಂಸಿ, ಆನಂದಪುರ, ಸಾಗರ ದಾಟಿ ತಾಳಗುಪ್ಪಕ್ಕೆ ಹೋಗುವ ದಾರಿಯಲ್ಲಿ ಕುಲುಕಾಟ ಇದ್ದರೂ ಧಡಕ್ಕನೆ ನಿಲ್ಲುವುದು ಅಪರೂಪ. ನಾಲ್ಕನೇ ಸುತ್ತು ಅಲ್ಲಿಗೆ ಇಟ್ಟುಕೊಳ್ಳಿ.

7. ಒಂದೇ ಉಸಿರಿಗೆ ನಿಲ್ಲಿಸುವುದು

ಇದನ್ನು ಮನೆಯಲ್ಲಿ ಬೇಕೆಂದೇ ಅಭ್ಯಾಸ ಮಾಡಿ. ಕರೆದ ಕೂಡಲೇ ಕೈಯಲ್ಲಿರುವ ಕಂಬ ಮುಗಿಸಿ, ಮೂರರ ಗುಂಪು ಮುಗಿಯದಿದ್ದರೂ ಚಿಂತೆಯಿಲ್ಲ. ಕುಣಿಕೆಯನ್ನು ಬೆರಳುದ್ದ ಎಳೆಯಿರಿ, ಕಡ್ಡಿ ತೆಗೆಯಿರಿ, ಸೇಫ್ಟಿ ಪಿನ್ನನ್ನು ಆ ಕುಣಿಕೆಗೆ ಹಾಕಿ ಮುಚ್ಚಿ, ಡಬ್ಬಿಯೊಳಗೆ. ಹಾಕುತ್ತಾ ಕೂತಿರುವಾಗ ಪಿನ್ನು ಡಬ್ಬಿಯೊಳಗೆ ಇರಬಾರದು, ಅಂಗಿಯ ತುದಿಗೋ ದುಪಟ್ಟದ ಅಂಚಿಗೋ ಸಿಕ್ಕಿಸಿಕೊಂಡಿರಬೇಕು. ಹುಡುಕುವಷ್ಟು ಹೊತ್ತು ಇರುವುದಿಲ್ಲ. ಕಡ್ಡಿಯನ್ನು ಜೇಬಿಗೆ ಹಾಕಿಕೊಳ್ಳಬೇಡಿ, ಕೂತಾಗ ತೊಡೆಗೆ ಚುಚ್ಚುತ್ತದೆ. ಕಿವಿಯ ಹಿಂದೆ ಸಿಕ್ಕಿಸಿಕೊಂಡು ಗಿರಾಕಿಯ ಹತ್ತಿರ ಮಾತಾಡುವವರಿದ್ದಾರೆ, ನೀವು ಅವರಾಗಬೇಡಿ.

ಮತ್ತೆ ಹಿಡಿಯುವಾಗ ಪಿನ್ನು ತೆಗೆದು, ಕುಣಿಕೆಗೆ ಕಡ್ಡಿ ಹಾಕಿ, ದಾರವನ್ನು ಮೆಲ್ಲಗೆ ಎಳೆದು ಬಿಗಿ ಮಾಡಿ. ಕೊನೆಯ ಗುಂಪಿನಲ್ಲಿ ಎಷ್ಟು ಕಂಬ ಇದೆ ಅಂತ ಹೆಬ್ಬೆರಳಿನಿಂದ ಸವರಿ ಎಣಿಸಿದರೆ ಮುಂದೆ ಏನು ಅಂತ ಗೊತ್ತಾಗುತ್ತದೆ.

8. ಮಳೆಗಾಲ, ಅಡಿಕೆಗಾಲ

ಬಯಲುಸೀಮೆಯವರಿಗೆ ಈ ತಾಪತ್ರಯ ಇಲ್ಲ. ನಮಗೆ ಜೂನ್‌ನಿಂದ ಸೆಪ್ಟೆಂಬರ್ ತನಕ ಎಲ್ಲವೂ ಒದ್ದೆ. ಸ್ಟೀಲಿನ ಕಡ್ಡಿಯನ್ನು ಚೌಕದೊಳಗೇ ಬಿಟ್ಟು ಮಳೆಗಾಲದಲ್ಲಿ ಡಬ್ಬಿ ಮುಚ್ಚಿಟ್ಟರೆ ದಾರದ ಮೇಲೆ ಕಂದು ಗೆರೆ ಮೂಡಬಹುದು. ತುಕ್ಕಿನ ಕಲೆ ಸೋಪಿಗೆ ಹೋಗುವುದಿಲ್ಲ. ಕಡ್ಡಿಯನ್ನು ಒಣ ಬಟ್ಟೆಯಲ್ಲಿ ಒರೆಸಿ, ಬೇರೆ ಬಟ್ಟೆಯ ಚೂರಿನಲ್ಲಿ ಸುತ್ತಿಡಿ. ಎಣ್ಣೆ ಹಚ್ಚಿಡಿ ಅಂತ ಯಾರಾದರೂ ಹೇಳಿದರೆ ಕೇಳಬೇಡಿ, ಆ ಎಣ್ಣೆ ದಾರಕ್ಕೇ ಇಳಿಯುತ್ತದೆ. ಪಿನ್ನಿಗೂ ತುಕ್ಕು ಬರುತ್ತದೆ, ಆದ್ದರಿಂದ ಮಳೆಗಾಲದಲ್ಲಿ ಪ್ಲಾಸ್ಟಿಕ್ ಪಿನ್ನು ಒಳ್ಳೆಯದು. ಚಪ್ಪಲಿ ಡಬ್ಬಿ, ಹೊಸ ಬ್ಯಾಗುಗಳಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ, ಅಂದರೆ ತೇವ ಹೀರುವ ಹರಳಿನ ಪೊಟ್ಟಣ, ಎಸೆಯದೆ ಡಬ್ಬಿಗೆ ಹಾಕಿ. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಅದು ಅವರ ಕೈಗೆ ಸಿಗದಿರಲಿ.

ಒದ್ದೆಯಾದ ಚೌಕವನ್ನು ಒಲೆಯ ಮೇಲಿನ ಅಟ್ಟದಲ್ಲಿ ಒಣಗಿಸಿದರೆ ಬೇಗ ಒಣಗುತ್ತದೆ, ಹೊಗೆಯ ವಾಸನೆ ಮಾತ್ರ ಮುಂದಿನ ಮಳೆಗಾಲದ ತನಕ ಹೋಗುವುದಿಲ್ಲ. ಫ್ಯಾನಿನ ಕೆಳಗೆ ಹರಡಿ.

ಅಡಿಕೆ ಸುಲಿತ ಶುರುವಾದ ಮೇಲೆ ತಿಳಿ ಬಣ್ಣದ ಕ್ರೋಶಾ ಕೆಲಸಕ್ಕೆ ರಜೆ ಕೊಡಿ. ಹಸಿ ಅಡಿಕೆ ಸುಲಿದ ಬೆರಳಿನ ಕರೆ ಎಷ್ಟು ತೊಳೆದರೂ ಪೂರ್ತಿ ಹೋಗುವುದಿಲ್ಲ, ಬೆವರಿಗೆ ಬಿಟ್ಟುಕೊಂಡು ದಾರಕ್ಕೆ ಹತ್ತುತ್ತದೆ. ಹಾಕಲೇಬೇಕು ಅಂದರೆ ಕಂದು ಬಣ್ಣದ ದಾರ ತೆಗೆದುಕೊಳ್ಳಿ.

9. ಕೈ, ಕುತ್ತಿಗೆ

ದಿನವೆಲ್ಲ ಕೀಬೋರ್ಡು ಕುಟ್ಟುವವರ ಮಣಿಕಟ್ಟಿಗೆ ಇದು ಇನ್ನೊಂದು ಹೊರೆ. ಒಂದೇ ಸಮ ಇಪ್ಪತ್ತು ನಿಮಿಷಕ್ಕಿಂತ ಹೆಚ್ಚು ಹಾಕಬೇಡಿ. ಕಡ್ಡಿ ಕೆಳಗಿಟ್ಟು ಬೆರಳು ಬಿಚ್ಚಿ ಮುಚ್ಚಿ, ಮಣಿಕಟ್ಟು ತಿರುಗಿಸಿ, ಕಿಟಕಿಯಾಚೆ ದೂರದ ಮರವನ್ನೋ ಗುಡ್ಡವನ್ನೋ ನೋಡಿ. ಬೆರಳು ಜೋಮು ಹಿಡಿಯುತ್ತಿದ್ದರೆ, ರಾತ್ರಿ ನೋವಿಗೆ ಎಚ್ಚರವಾಗುತ್ತಿದ್ದರೆ ಕೆಲಸ ನಿಲ್ಲಿಸಿ ಡಾಕ್ಟರಿಗೆ ತೋರಿಸಿ.

10. ಚೌಕಗಳಿಂದ ತೋರಣ

ಏನು ಮಾಡುವುದು ಇಷ್ಟು ಚೌಕ ಇಟ್ಟುಕೊಂಡು? ಬಾಗಿಲ ತೋರಣ ಮಾಡಿ. ಚೌಕವನ್ನು ಮೂಲೆಯಿಂದ ನೇತುಬಿಟ್ಟರೆ ವಜ್ರದಾಕಾರ ಬರುತ್ತದೆ. ಆಗ ಅದರ ಅಗಲ ಬದಿಯ ಅಳತೆಯಷ್ಟಲ್ಲ, ಮೂಲೆಯಿಂದ ಮೂಲೆಗಿರುವ ಅಳತೆಯಷ್ಟು. ಬದಿ 8 ಸೆಂಟಿಮೀಟರ್ ಇದ್ದರೆ ಮೂಲೆಯಿಂದ ಮೂಲೆಗೆ 11 ಸೆಂಟಿಮೀಟರಿಗಿಂತ ಚೂರು ಜಾಸ್ತಿ. ಮೂರು ಅಡಿಯ ಬಾಗಿಲಿಗೆ, ಅಂದರೆ 91 ಸೆಂಟಿಮೀಟರಿಗೆ, ಎಂಟು ಚೌಕ ಸರಿಯಾಗಿ ಕೂರುತ್ತದೆ.

ದಾರ ಎಷ್ಟು ಬೇಕು ಅನ್ನುವುದನ್ನು ಯಾರನ್ನೂ ಕೇಳಬೇಡಿ, ಒಬ್ಬೊಬ್ಬರ ಕೈ ಒಂದೊಂದು ತರ. ಒಂದು ಚೌಕವನ್ನು ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ಎಂಟರಿಂದ ಗುಣಿಸಿ, ಮೇಲಿನ ಪಟ್ಟಿಗೆ ಬೇಕಾಗುವಷ್ಟನ್ನೂ ಧಾರಾಳವಾಗಿ ಸೇರಿಸಿ. ಉಂಡೆಯ ತೂಕ ಲೇಬಲ್ಲಿನ ಮೇಲೆ ಇರುತ್ತದೆ.

ಜೋಡಿಸುವ ಮೊದಲು ಎಲ್ಲ ಚೌಕಗಳನ್ನೂ ಒಂದೇ ಅಳತೆಗೆ ತರಬೇಕು. ತಣ್ಣೀರಿನಲ್ಲಿ ಅದ್ದಿ, ಹಿಂಡದೆ ಟವೆಲ್ಲಿನಲ್ಲಿ ಒತ್ತಿ, ಥರ್ಮಾಕೋಲ್ ಹಾಳೆಯ ಮೇಲೆ 8 ಸೆಂಟಿಮೀಟರಿನ ಚೌಕ ಬರೆದು, ಅದರ ಗೆರೆಗೆ ಸರಿಯಾಗಿ ನಾಲ್ಕೂ ಮೂಲೆ ಎಳೆದು ತುಕ್ಕು ಹಿಡಿಯದ ಪಿನ್ನು ಚುಚ್ಚಿ ಒಣಗಲು ಬಿಡಿ. ಗೆರೆಯನ್ನು ಪೆನ್ಸಿಲ್ಲಿನಲ್ಲಿ ಎಳೆಯಿರಿ, ಪೆನ್ನಿನ ಮಸಿ ಒದ್ದೆ ದಾರಕ್ಕೆ ಹತ್ತುತ್ತದೆ. ಬಾಸ್ ಬೈದ ದಿನದ ಚೌಕವೂ ಇಲ್ಲಿ ದಾರಿಗೆ ಬರುತ್ತದೆ.

ಗರಿಗರಿಯಾಗಿ ನಿಲ್ಲಬೇಕು ಅಂದರೆ ನೀರಿನ ಬದಲು ತೆಳು ಅನ್ನದ ಗಂಜಿಯಲ್ಲಿ ಅದ್ದಿ. ಗಂಜಿಯನ್ನು ಬಟ್ಟೆಯಲ್ಲಿ ಸೋಸದಿದ್ದರೆ ಅಗುಳು ಸಂದಿಗಳಲ್ಲಿ ಕೂತು ಒಣಗುತ್ತದೆ, ಆಮೇಲೆ ಉಗುರಿನಿಂದ ಕೀಳಬೇಕು. ಮಳೆಗಾಲದಲ್ಲಿ ಮಾತ್ರ ಗಂಜಿ ಹಾಕಲೇಬೇಡಿ. ಒಂದೆರಡು ವಾರದಲ್ಲಿ ಬೂಷ್ಟು ಹಿಡಿಯುತ್ತದೆ, ಹುಳವೂ ಬರುತ್ತದೆ. ಗಂಜಿಯ ಕೆಲಸಕ್ಕೆ ದಸರಾ ಕಳೆದ ಮೇಲಿನ ಬಿಸಿಲೇ ಸರಿ.

ಕೊನೆಗೆ ಮೇಲಿನ ಪಟ್ಟಿ. ಬಾಗಿಲಿನ ಅಗಲಕ್ಕಿಂತ ನಾಲ್ಕು ಬೆರಳು ಉದ್ದ ಚೈನ್ ಹಾಕಿ, ಅದರ ಮೇಲೆ ಎರಡು ಸಾಲು ಕಂಬ. ಮೂರನೇ ಸಾಲು ಹಾಕುತ್ತಾ ಹೋದಾಗ ಪ್ರತಿ 11 ಸೆಂಟಿಮೀಟರಿಗೆ ಒಂದು ಚೌಕದ ಮೂಲೆಯ ಸಂದಿಗೂ ಪಟ್ಟಿಗೂ ಸೇರಿಸಿ ಒಂದು ಲಾಕ್. ಎರಡು ಚೌಕಗಳ ಪಕ್ಕದ ಮೂಲೆಗಳನ್ನು ಒಂದಕ್ಕೊಂದು ಒಂದು ಹೊಲಿಗೆಯಿಂದ ಹಿಡಿಸಿ, ಇಲ್ಲದಿದ್ದರೆ ಗಾಳಿಗೆ ಮಗುಚಿಕೊಳ್ಳುತ್ತವೆ. ಪಟ್ಟಿಯ ಎರಡೂ ತುದಿಗೆ 10 ಚೈನಿನ ಕುಣಿಕೆ ಬಿಟ್ಟು ಹಿತ್ತಾಳೆ ಮೊಳೆಗೆ ಸಿಕ್ಕಿಸಿ. ಕಬ್ಬಿಣದ ಮೊಳೆ ಬೇಡ, ತುಕ್ಕು. ಹೊಸ್ತಿಲಿಗೆ ಅರಿಶಿನ ಕುಂಕುಮ ಇಡುವಾಗ ಅದೇ ಕೈಯಲ್ಲಿ ತೋರಣ ಸರಿಮಾಡುವ ಅಭ್ಯಾಸ ಮನೆಯವರಿಗಿದ್ದರೆ ಮೊದಲೇ ಹೇಳಿಡಿ. ಅರಿಶಿನದ ಕಲೆಗೆ ಸೋಪು ತಾಗಿದರೆ ಕೆಂಪಾಗುತ್ತದೆ, ಆಗ ಹೆದರಿ ಇನ್ನಷ್ಟು ಉಜ್ಜಬೇಡಿ. ಚೆನ್ನಾಗಿ ಜಾಲಿಸಿ ಬಿಸಿಲಿಗೆ ಹಾಕಿ, ಬಿಸಿಲಿಗೆ ಅರಿಶಿನ ತಾನಾಗಿ ಮಾಸುತ್ತದೆ.